ಗಾಡಿ ಕೆಳಗೆ ದಿಢೀರ್ ಎಂಜಿನ್ ಆಯಿಲ್ ಸೋರಿದರೆ: ಮೊದಲ ಹತ್ತು ನಿಮಿಷ, ಆಮೇಲಿನ ಹತ್ತು ದಿನ

ಇದು ನಮ್ಮ ಮಾತಿನ ಬರಹ ರೂಪ. ವಿಡಿಯೊ ನೋಡೋಕೆ ಟೈಮ್ ಇಲ್ಲದವರು, ಮೆಟ್ರೋದಲ್ಲಿ ನಿಂತುಕೊಂಡು ಓದುವವರು, ಇದನ್ನೇ ಓದಿಕೊಳ್ಳಬಹುದು.

ಇವತ್ತಿನ ವಿಷಯ ಎಂಜಿನ್ ಆಯಿಲ್ ಸೋರಿಕೆ. ವರ್ಷಗಟ್ಟಲೆ ಹನಿ ಹನಿಯಾಗಿ ಜಿನುಗುವುದರ ಬಗ್ಗೆ ಅಲ್ಲ. ನೆಟ್ಟಗಿದ್ದ ಗಾಡಿ, ಸರ್ವಿಸ್ ಕೂಡ ಸರಿಯಾಗಿ ಆಗಿದೆ, ಆದರೂ ಯಾವುದೋ ಒಂದು ಪಾರ್ಟ್ ಕೈಕೊಟ್ಟು ರಸ್ತೆ ಮಧ್ಯೆ ಆಯಿಲ್ ಸುರಿದುಹೋಗುತ್ತೆ ಅಲ್ವಾ, ಅದರ ಬಗ್ಗೆ. ಫರೀದಾಬಾದ್‌ನಲ್ಲಿ ಮನೆ, ಗುರುಗ್ರಾಮದಲ್ಲೋ ನೋಯ್ಡಾದಲ್ಲೋ ಆಫೀಸು, ಗಾಡಿ ಮಾತ್ರ ಬೆಂಗಳೂರಿನಿಂದ ತಂದ ಕೆಎ ನಂಬರಿನದು, ಇಂಥವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಗೊತ್ತಿರೋ ಮೆಕ್ಯಾನಿಕ್ ಇಲ್ಲ, ಭಾಷೆ ಪೂರ್ತಿ ಹಿಡಿತಕ್ಕೆ ಬಂದಿಲ್ಲ. ಆ ಹೊತ್ತಿನಲ್ಲಿ ಏನು ಮಾಡಬೇಕು, ಆ ಖರ್ಚನ್ನು ಯಾರು ಕೊಡಬೇಕು, ಎರಡನ್ನೂ ನೋಡೋಣ.

ಆಯಿಲ್ ಯಾಕೆ ಅಷ್ಟು ಬೇಗ ಖಾಲಿಯಾಗುತ್ತೆ?

ಸಾಮಾನ್ಯ ಕಾರಿನ ಎಂಜಿನ್‌ನಲ್ಲಿ 3ರಿಂದ 5 ಲೀಟರ್ ಆಯಿಲ್ ಇರುತ್ತೆ. ಅದು ಕೆಳಗಿನ ಸಂಪ್‌ನಲ್ಲಿ ಕೂತಿರುತ್ತೆ. ಪಂಪ್ ಅದನ್ನು ಎಳೆದು, ಫಿಲ್ಟರ್ ಮೂಲಕ ಒತ್ತಡದಲ್ಲಿ ಕ್ರ್ಯಾಂಕ್‌ಶಾಫ್ಟ್ ಬೇರಿಂಗ್, ಕ್ಯಾಮ್‌ಶಾಫ್ಟ್, ಟರ್ಬೊ ಎಲ್ಲ ಕಡೆ ತಳ್ಳುತ್ತೆ. ಆಮೇಲೆ ಅದು ತಾನೇ ಕೆಳಗಿಳಿದು ಮತ್ತೆ ಸಂಪ್ ಸೇರುತ್ತೆ.

ಅಂದ್ರೆ ಎಂಜಿನ್‌ನಲ್ಲಿ ಎರಡು ಭಾಗ ಅಂತ ತಿಳ್ಕೊಳ್ಳಿ. ಒಂದು ಒತ್ತಡ ಇರುವ ಭಾಗ, ಇನ್ನೊಂದು ಒತ್ತಡ ಇಲ್ಲದ ಭಾಗ. ವಾಲ್ವ್ ಕವರ್ ಗ್ಯಾಸ್ಕೆಟ್, ಸಂಪ್ ಗ್ಯಾಸ್ಕೆಟ್, ಕ್ರ್ಯಾಂಕ್‌ಶಾಫ್ಟ್ ಸೀಲ್ ಇವೆಲ್ಲ ಒತ್ತಡ ಇಲ್ಲದ ಕಡೆ. ಇಲ್ಲಿ ತೊಂದರೆಯಾದರೆ ಸಾಮಾನ್ಯವಾಗಿ ಜಿನುಗುತ್ತೆ, ಪಾರ್ಕಿಂಗ್‌ನಲ್ಲಿ ಕಲೆ ಬೀಳುತ್ತೆ, ನಿಮಗೆ ದಿನಗಳ, ವಾರಗಳ ಸಮಯ ಸಿಗುತ್ತೆ. ಆಯಿಲ್ ಫಿಲ್ಟರ್, ಅದರ ರಬ್ಬರ್ ರಿಂಗ್, ಆಯಿಲ್ ಪ್ರೆಶರ್ ಸ್ವಿಚ್, ಆಯಿಲ್ ಕೂಲರ್ ಪೈಪ್, ಟರ್ಬೊಗೆ ಹೋಗುವ ಸಣ್ಣ ಪೈಪ್ ಇವು ಒತ್ತಡದ ಕಡೆ. ವೇಗದಲ್ಲಿ ಓಡುವ ಎಂಜಿನ್‌ನ ಪಂಪ್ ನಿಮಿಷಕ್ಕೆ ಹತ್ತಾರು ಲೀಟರ್ ಆಯಿಲ್ ತಳ್ಳುತ್ತೆ. ಹೀಗಿರುವಾಗ ಇಲ್ಲೊಂದು ಪೈಪ್ ಸೀಳಿದರೆ ನಾಲ್ಕು ಲೀಟರ್ ಖಾಲಿಯಾಗೋಕೆ ಎಷ್ಟು ಹೊತ್ತು ಬೇಕು, ನೀವೇ ಲೆಕ್ಕ ಹಾಕಿ. ದಿಢೀರ್ ಸೋರಿಕೆ ಅಂದ ಕೂಡಲೇ ಮೊದಲು ಅನುಮಾನ ಪಡಬೇಕಾದ್ದು ಈ ಭಾಗವನ್ನೇ.

ಡ್ಯಾಶ್‌ಬೋರ್ಡ್‌ನಲ್ಲಿ ಬರುವ ಕೆಂಪು ಎಣ್ಣೆ ಗಿಂಡಿಯ ಗುರುತು ಹೆಚ್ಚಿನ ಗಾಡಿಗಳಲ್ಲಿ ಹೇಳೋದು ಆಯಿಲ್‌ನ ಮಟ್ಟವನ್ನಲ್ಲ, ಒತ್ತಡವನ್ನು. ಅದು ಹತ್ತಿಕೊಂಡಾಗ ಬೇರಿಂಗ್‌ಗಳಿಗೆ ಆಯಿಲ್ ಹೋಗೋದು ಆಗಲೇ ಕಡಿಮೆಯಾಗಿದೆ ಅಂತ ಅರ್ಥ. ಹಾಗಾಗಿ 'ಇನ್ನೊಂದು ಎರಡು ಕಿಲೋಮೀಟರ್ ಹೋಗಿ ನೋಡೋಣ' ಅನ್ನೋ ಮಾತೇ ಬೇಡ. 200 ರೂಪಾಯಿಯ ರಿಂಗ್‌ನ ತೊಂದರೆ ಲಕ್ಷ ದಾಟುವ ಎಂಜಿನ್ ಕೆಲಸ ಆಗೋದು ಈ ಎರಡು ಕಿಲೋಮೀಟರಿನಲ್ಲೇ.

ಮೊದಲ ಹತ್ತು ನಿಮಿಷ

ಕೆಂಪು ಲೈಟ್ ಬಂತು, ಅಥವಾ ಸುಟ್ಟ ಎಣ್ಣೆ ವಾಸನೆ, ಹಿಂದೆ ನೀಲಿ ಹೊಗೆ. ಆಕ್ಸಿಲರೇಟರ್‌ನಿಂದ ಕಾಲು ತೆಗೀರಿ, ಇಂಡಿಕೇಟರ್ ಹಾಕಿ ಎಡಕ್ಕೆ ಬನ್ನಿ, ನಿಲ್ಲಿಸಿ, ಆಮೇಲೆ ಎಂಜಿನ್ ಆಫ್ ಮಾಡಿ. ಓಡುತ್ತಿರುವಾಗಲೇ ಆಫ್ ಮಾಡ್ಬೇಡಿ. ಸ್ಟೀರಿಂಗ್ ಬಿಗಿಯಾಗುತ್ತೆ, ಬ್ರೇಕ್ ಬೂಸ್ಟರ್ ಎರಡು ಮೂರು ಒತ್ತಿಗೆ ಮಾತ್ರ ಬರುತ್ತೆ.

ನಿಂತ ಮೇಲೆ ಹಜಾರ್ಡ್ ಲೈಟ್, ಹಿಂದೆ ತ್ರಿಕೋನ. ಮಥುರಾ ರಸ್ತೆ ಅಂದ್ರೆ ನಮ್ಮ ರಾಷ್ಟ್ರೀಯ ಹೆದ್ದಾರಿ 44ರಲ್ಲಾಗಲಿ, ಅರಾವಳಿ ಗುಡ್ಡದ ಮಧ್ಯೆ ಹೋಗುವ ಗುರುಗ್ರಾಮ ರಸ್ತೆಯಲ್ಲಾಗಲಿ ಗಾಡಿಯೊಳಗೆ ಕೂತು ಕಾಯ್ಬೇಡಿ. ಎಡಬದಿಯಿಂದ ಇಳಿದು ರಸ್ತೆಯಿಂದ ದೂರ ನಿಲ್ಲಿ. ಚಳಿಗಾಲದ ಮಂಜಿನಲ್ಲಂತೂ ನಿಂತ ಗಾಡಿಗೆ ಹಿಂದಿನಿಂದ ಬಂದು ಗುದ್ದುವ ಅಪಾಯ ಆಯಿಲ್ ಸೋರಿಕೆಗಿಂತ ದೊಡ್ಡದು. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033ಕ್ಕೆ ಫೋನ್ ಮಾಡಿ, ಇದು ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ. ಬೇರೆ ಕಡೆ ಅಪಾಯದ ಸ್ಥಿತಿ ಇದ್ದರೆ 112.

ಬಾನೆಟ್‌ನಿಂದ ಹೊಗೆ ಬರ್ತಿದ್ದರೆ ತಕ್ಷಣ ತೆರೀಬೇಡಿ. ಬಿಸಿ ಎಕ್ಸಾಸ್ಟ್ ಮೇಲೆ ಅಥವಾ ಟರ್ಬೊ ಮೇಲೆ ಆಯಿಲ್ ಬಿದ್ದರೆ ಬೆಂಕಿ ಹತ್ತಬಹುದು, ಗಾಳಿ ಸಿಕ್ಕರೆ ಅದು ಜೋರಾಗುತ್ತೆ. ಹೊಗೆ ಇಲ್ಲದಿದ್ದರೆ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆದು ನೋಡಿ. ಅದರ ಮೇಲಿನ ಗುರುತಿಗೂ ಕೆಳಗಿನ ಗುರುತಿಗೂ ಇರುವ ಅಂತರ ಹೆಚ್ಚಿನ ಕಾರುಗಳಲ್ಲಿ ಸುಮಾರು 1 ಲೀಟರ್. ಕಡ್ಡಿಗೆ ಆಯಿಲ್ ಅಂಟಲೇ ಇಲ್ಲ ಅಂದ್ರೆ ಎಂಜಿನ್ ಮತ್ತೆ ಸ್ಟಾರ್ಟ್ ಮಾಡೋ ಹಾಗೇ ಇಲ್ಲ.

ಕೆಳಗೆ ಬಿದ್ದಿರೋದು ಆಯಿಲ್ಲೇನಾ ಅಂತಲೂ ನೋಡ್ಕೊಳ್ಳಿ. ಒಂದು ರಟ್ಟು ಇಡಿ. ಕಂದು ಅಥವಾ ಕಪ್ಪಾಗಿ ಜಿಡ್ಡಾಗಿದ್ದರೆ ಎಂಜಿನ್ ಆಯಿಲ್. ಹಸಿರು ಅಥವಾ ಗುಲಾಬಿ, ಸ್ವಲ್ಪ ಸಿಹಿ ವಾಸನೆ ಇದ್ದರೆ ಕೂಲಂಟ್. ಬರೀ ತಿಳಿ ನೀರಾದರೆ ಎಸಿಯದು, ಚಿಂತೆ ಬೇಡ.

'ಒಂದು ಡಬ್ಬ ಆಯಿಲ್ ಹಾಕಿ, ಹೊರಡಿ ಸಾರ್' ಅನ್ನುವವರು ಹತ್ತು ಜನ ಸೇರುತ್ತಾರೆ. ಹನಿ ಹನಿಯಾಗಿ ಬೀಳ್ತಿದೆ, ಮಟ್ಟ ಎರಡು ಗುರುತಿನ ಮಧ್ಯೆ ಇದೆ, ಕೆಂಪು ಲೈಟ್ ಬಂದೇ ಇಲ್ಲ ಅಂದ್ರೆ ಮಾತ್ರ ಹತ್ತಿರದ ವರ್ಕ್‌ಶಾಪ್ ತನಕ ನಿಧಾನವಾಗಿ ಹೋಗಬಹುದು. ಉಳಿದಂತೆ ಟೋಯಿಂಗೇ ಸರಿ. ಆಟೋಮ್ಯಾಟಿಕ್ ಗಾಡಿಯಾದರೆ ಪೂರ್ತಿ ಮೇಲೆ ಹತ್ತಿಸುವ ಫ್ಲಾಟ್‌ಬೆಡ್ ಬೇಕು ಅಂತ ಫೋನಲ್ಲೇ ಹೇಳಿ.

ಸಣ್ಣ ಪಾರ್ಟ್, ದೊಡ್ಡ ಅನಾಹುತ

ಒಂದು ಸಣ್ಣ ಪೈಪ್ ಇಷ್ಟೆಲ್ಲ ಮಾಡುತ್ತಾ ಅಂತ ಅನ್ನಿಸಬಹುದು. 2010ರ ನವೆಂಬರ್ 4ರಂದು ಕ್ವಾಂಟಾಸ್ 32 ವಿಮಾನ, ಒಂದು ಏರ್‌ಬಸ್ ಎ380, 469 ಜನರನ್ನು ಹೊತ್ತು ಸಿಂಗಾಪುರದಿಂದ ಸಿಡ್ನಿಗೆ ಹೊರಟಿತ್ತು. ಹಾರಿದ ಕೆಲವೇ ನಿಮಿಷಕ್ಕೆ ಎರಡನೇ ಎಂಜಿನ್ ಸಿಡಿಯಿತು. ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಸಂಸ್ಥೆ 2013ರಲ್ಲಿ ಕೊಟ್ಟ ವರದಿ ಪ್ರಕಾರ ಮೂಲ ಕಾರಣ ಒಂದು ಗಿಡ್ಡ ಆಯಿಲ್ ಪೈಪ್. ಅದರೊಳಗೆ ಕೊರೆದ ರಂಧ್ರ ನಡುಮಧ್ಯಕ್ಕೆ ಬರದೆ ಪಕ್ಕಕ್ಕೆ ಸರಿದಿತ್ತು. ಹಾಗಾಗಿ ಒಂದು ಬದಿಯ ಗೋಡೆ ಇರಬೇಕಾದ್ದಕ್ಕಿಂತ ತೆಳ್ಳಗಿತ್ತು. ದಿನ ಕಳೆದಂತೆ ಅಲ್ಲಿ ಬಿರುಕು ಬಿಟ್ಟು, ಬಿಸಿ ಜಾಗಕ್ಕೆ ಆಯಿಲ್ ಚಿಮ್ಮಿ, ಬೆಂಕಿ ಹೊತ್ತಿ, ಟರ್ಬೈನ್ ಡಿಸ್ಕ್ ಒಡೆದುಹೋಯಿತು. ಪೈಲಟ್‌ಗಳು ವಿಮಾನವನ್ನು ಚಾಂಗಿಗೆ ವಾಪಸ್ ಇಳಿಸಿದರು, ಎಲ್ಲರೂ ಉಳಿದರು.

ಕಾರಿನ ಲೋಕದಲ್ಲೂ ಇಂಥದ್ದಿದೆ. ಅಮೆರಿಕದಲ್ಲಿರುವ ನಮ್ಮವರಿಗೆ ಟೊಯೊಟಾದ ವಿ6 ಎಂಜಿನ್‌ನ ಕಥೆ ಗೊತ್ತಿರಬಹುದು. ಕ್ಯಾಮ್ರಿ, ಸಿಯೆನ್ನಾದಂಥ ಗಾಡಿಗಳ 2ಜಿಆರ್ ಎಂಜಿನ್‌ನಲ್ಲಿ ವಾಲ್ವ್ ಟೈಮಿಂಗ್‌ಗೆ ಆಯಿಲ್ ಒಯ್ಯುವ ಪೈಪಿನ ನಡುವೆ ಒಂದು ತುಂಡು ರಬ್ಬರ್ ಇತ್ತು. ಅದು ತೂತು ಬಿದ್ದು ಆಯಿಲ್ ಹೊರಗೆ ಚಿಮ್ಮುತ್ತಿತ್ತು. ಕಂಪನಿ ವಿಶೇಷ ಸರ್ವಿಸ್ ಅಭಿಯಾನ ಮಾಡಿ ಉಚಿತವಾಗಿ ಬದಲಾಯಿಸಿಕೊಟ್ಟಿತು, ಕೊನೆಗೆ ಪೂರ್ತಿ ಲೋಹದ ಪೈಪೇ ಬಂತು. ಇಲ್ಲಿ ಗಮನಿಸಬೇಕಾದ್ದು ಏನಂದ್ರೆ, ಮಾಲೀಕರು ಎಷ್ಟೇ ಚೆನ್ನಾಗಿ ನೋಡ್ಕೊಂಡಿದ್ದರೂ ಇದು ತಪ್ಪುತ್ತಿರಲಿಲ್ಲ. ದೋಷ ಪಾರ್ಟ್‌ನಲ್ಲೇ ಇತ್ತು.

ಮೂರು ಕಾರಣ, ಮೂರು ಜೇಬು

ಇನ್ನು ದುಡ್ಡಿನ ವಿಷಯ. ದಿಢೀರ್ ಸೋರಿಕೆಗೆ ಮುಖ್ಯವಾಗಿ ಮೂರು ಕಾರಣ. ಒಂದು, ಪಾರ್ಟ್‌ನಲ್ಲೇ ದೋಷ. ಎರಡು, ಜೋಡಿಸುವಾಗ ಆದ ತಪ್ಪು. ಮೂರು, ಹೊರಗಿನ ಪೆಟ್ಟು. ಯಾವುದು ಅನ್ನೋದರ ಮೇಲೆ ಕೊಡಬೇಕಾದವರು ಬದಲಾಗುತ್ತಾರೆ. ಮೊದಲನೆಯದಕ್ಕೆ ತಯಾರಕ ಕಂಪನಿ, ಎರಡನೆಯದಕ್ಕೆ ವರ್ಕ್‌ಶಾಪ್, ಮೂರನೆಯದಕ್ಕೆ ಇನ್ಶೂರೆನ್ಸ್.

ಗುರುತು ಹಿಡಿಯೋದು ಹೀಗೆ. ಸಂಪ್ ಕೆಳಗೆ ಹೊಸ ಗೀರು, ತಗ್ಗು ಇದ್ದರೆ ಕಲ್ಲೋ ಹಂಪೋ ತಗುಲಿದೆ. ಇತ್ತೀಚೆಗಷ್ಟೇ ಆಯಿಲ್ ಬದಲಾಯಿಸಿದ್ದು, ಫಿಲ್ಟರ್ ಬಿಚ್ಚಿದಾಗ ಹಳೇ ರಬ್ಬರ್ ರಿಂಗ್ ಎಂಜಿನ್‌ಗೇ ಅಂಟಿಕೊಂಡು ಅದರ ಮೇಲೆ ಹೊಸದು ಕೂತಿದ್ದರೆ, ಅಥವಾ ಡ್ರೇನ್ ಬೋಲ್ಟ್‌ನ ಮರೆ ಕಿತ್ತುಹೋಗಿದ್ದರೆ, ಅದು ಜೋಡಣೆಯ ತಪ್ಪು. ಎರಡೂ ಇಲ್ಲ, ಪಾರ್ಟ್‌ನಲ್ಲೇ ಬಿರುಕು, ಎರಕದಲ್ಲಿ ಸಣ್ಣ ತೂತು, ಸ್ವಿಚ್‌ನ ಒಳಗಿಂದಲೇ ಆಯಿಲ್ ಬರ್ತಿದೆ ಅಂದ್ರೆ ಪಾರ್ಟ್ ದೋಷದ ಕಡೆ ಬೆರಳು ತೋರಿಸುತ್ತೆ. ಅದು ಕಂಪನಿಯ ಅಸಲಿ ಪಾರ್ಟೋ, ಯಾವುದೋ ಅಂಗಡಿಯ ಡೂಪ್ಲಿಕೇಟೋ ಅನ್ನೋದೂ ಮುಖ್ಯ. ಫರೀದಾಬಾದ್ ಟ್ರ್ಯಾಕ್ಟರ್, ಆಟೋ ಪಾರ್ಟ್‌ಗಳ ಊರು, ಮೆಟ್ರೋ ಸ್ಟೇಷನ್ನಿಗೂ ಎಸ್ಕಾರ್ಟ್ಸ್ ಮುಜೇಸರ್ ಅಂತ ಹೆಸರಿದೆ. ಪಾರ್ಟ್‌ಗೆ ಇಲ್ಲಿ ಬರವಿಲ್ಲ, ಆದರೆ ಬಿಲ್ ಇಲ್ಲದ ಪಾರ್ಟ್‌ಗೆ ಜವಾಬ್ದಾರರೂ ಇಲ್ಲ.

ಇನ್ಶೂರೆನ್ಸ್ ವಿಷಯದಲ್ಲಿ ಒಂದು ಎಚ್ಚರ. ಸಾಮಾನ್ಯ ಮೋಟಾರ್ ಪಾಲಿಸಿ ಯಾಂತ್ರಿಕ ಕೆಡುಕನ್ನು ಕವರ್ ಮಾಡಲ್ಲ, ಒಂದು ಪೆಟ್ಟಿನ ಆಮೇಲೆ ಬೆಳೆದ ನಷ್ಟವನ್ನೂ ಮಾಡಲ್ಲ. ಕಲ್ಲು ತಗುಲಿ ಸಂಪ್ ಒಡೆದರೆ ಸಂಪ್‌ಗೆ ದುಡ್ಡು ಬರಬಹುದು. ಆದರೆ ಹಾಗೇ ಓಡಿಸಿ ಎಂಜಿನ್ ಹಿಡಿದುಕೊಂಡರೆ ಅದು ನಿಮ್ಮ ತಲೆ ಮೇಲೆ. ಎಂಜಿನ್ ಪ್ರೊಟೆಕ್ಟ್ ಆ್ಯಡ್-ಆನ್ ಇದ್ದರೆ ಅದರ ಷರತ್ತು ಓದಿಕೊಳ್ಳಿ.

ಆಮೇಲಿನ ಹತ್ತು ದಿನ: ಸಾಕ್ಷಿ ಉಳಿಸಿಕೊಳ್ಳಿ

ಗಾಡಿ ನಿಂತ ಜಾಗದಲ್ಲೇ ವಿಡಿಯೊ ಮಾಡಿ. ಆಯಿಲ್ ಎಲ್ಲಿಂದ ಬರ್ತಿದೆ, ನೆಲದ ಮೇಲೆ ಎಷ್ಟಿದೆ, ಡ್ಯಾಶ್‌ಬೋರ್ಡ್‌ನ ಲೈಟ್, ಓಡೋಮೀಟರ್ ಎಲ್ಲ ಬರಲಿ. ಲೈಟ್ ತೋರಿಸೋಕೆ ಇಗ್ನಿಷನ್ ಸಾಕು, ಎಂಜಿನ್ ಸ್ಟಾರ್ಟ್ ಮಾಡ್ಬೇಡಿ.

ಸರ್ವಿಸ್ ಸೆಂಟರ್‌ನಲ್ಲಿ ಜಾಬ್ ಕಾರ್ಡ್ ಬರೆಯುವಾಗ ಬರೀ 'ಆಯಿಲ್ ಲೀಕ್, ಚೆಕ್' ಅಂತ ಬರೆಯೋಕೆ ಬಿಡಬೇಡಿ. ಓಡುವಾಗ ದಿಢೀರ್ ಸೋರಿಕೆ, ಇಂಥ ಹೊತ್ತಿಗೆ ವಾರ್ನಿಂಗ್ ಲೈಟ್, ಎಂಜಿನ್ ತಕ್ಷಣ ಬಂದ್ ಮಾಡಿದೆ, ಟೋ ಮಾಡಿ ತಂದಿದೆ, ಇಷ್ಟೂ ಇರಲಿ. ನೀವು ಓಡಿಸಿ ಹಾಳು ಮಾಡಿದ್ದಲ್ಲ ಅನ್ನೋದಕ್ಕೆ ಮುಂದೆ ಇದೇ ದಾಖಲೆ. ಗಾಡಿ ಬೆಂಗಳೂರಿನದು ಅಂದ ಮಾತ್ರಕ್ಕೆ ವಾರಂಟಿ ಅಲ್ಲಿಗೇ ಸೀಮಿತ ಅಲ್ಲ. ಸಾಮಾನ್ಯವಾಗಿ ಕಂಪನಿಯ ವಾರಂಟಿ ದೇಶದ ಯಾವ ಅಧಿಕೃತ ಸೆಂಟರ್‌ನಲ್ಲೂ ನಡೆಯುತ್ತೆ. ಹಳೇ ಸರ್ವಿಸ್ ಬಿಲ್‌ಗಳು ಫೋನ್‌ನಲ್ಲಿ ಇರಲಿ.

ಎಲ್ಲಕ್ಕಿಂತ ಮುಖ್ಯವಾದದ್ದು ಹಾಳಾದ ಆ ಪಾರ್ಟ್. ದುಡ್ಡು ಕೊಟ್ಟು ಬದಲಾಯಿಸಿದರೆ ಹಳೇದನ್ನು ಕೇಳಿ ತಗೊಳ್ಳಿ. 'ಪುರಾನಾ ಪಾರ್ಟ್ ವಾಪಸ್ ಚಾಹಿಯೇ, ಔರ್ ಪಕ್ಕಾ ಬಿಲ್', ಇಷ್ಟು ಹಿಂದಿ ಸಾಕು. ವಾರಂಟಿಯಲ್ಲಿ ಬದಲಾಯಿಸಿದರೆ ಹಳೇದನ್ನು ಸಾಮಾನ್ಯವಾಗಿ ಕಂಪನಿಯೇ ಇಟ್ಟುಕೊಳ್ಳುತ್ತೆ. ಆಗ ಪಾರ್ಟ್ ನಂಬರ್, ಬ್ಯಾಚ್ ಗುರುತು, ಬಿರುಕು ಕಾಣುವ ಹಾಗೆ ಫೋಟೊ ತೆಗೆದು, ಕಾರಣವನ್ನು ಇಮೇಲ್‌ನಲ್ಲಿ ಕೇಳಿ. ಫೋನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಕೆಂಪು ಲೈಟ್ ಬಂದ ಮೇಲೆ ಎಂಜಿನ್ ಸ್ವಲ್ಪವಾದರೂ ಓಡಿದ್ದರೆ ಪಾರ್ಟ್ ಬದಲಾಯಿಸಿ ಆಯಿಲ್ ತುಂಬಿದರೆ ಸಾಲದು. ಗೇಜ್ ಹಾಕಿ ಆಯಿಲ್ ಒತ್ತಡ ಅಳೆಯಿರಿ ಅಂತ ಕೇಳಿ. ಹಳೇ ಫಿಲ್ಟರ್ ಕತ್ತರಿಸಿ ನೋಡಿದಾಗ ಮಿನುಗುವ ಲೋಹದ ಪುಡಿ ಕಂಡರೆ ಬೇರಿಂಗ್ ತಿಂದಿದೆ ಅಂತ ಅರ್ಥ. ಈ ಎರಡರ ಫಲಿತಾಂಶವೂ ಜಾಬ್ ಕಾರ್ಡ್‌ನಲ್ಲಿ ಬರಲಿ.

ಕಂಪನಿ ಒಪ್ಪದಿದ್ದರೆ?

ಮೊದಲು ಆ ಮಾಡೆಲ್‌ಗೆ ರಿಕಾಲ್ ಇದೆಯಾ ನೋಡಿ. ಹಲವು ಕಂಪನಿಗಳ ವೆಬ್‌ಸೈಟ್‌ನಲ್ಲಿ ಚಾಸಿಸ್ ನಂಬರ್ ಹಾಕಿ ನೋಡಬಹುದು. ಮೋಟಾರು ವಾಹನ ಕಾಯ್ದೆಯ 110ಎ ಸೆಕ್ಷನ್ ಪ್ರಕಾರ, ದೋಷ ಇರುವ ವಾಹನಗಳನ್ನು ವಾಪಸ್ ಕರೆಸಲು ಸರ್ಕಾರವೇ ಆದೇಶ ಕೊಡಬಹುದು. ಇದು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, 7 ವರ್ಷದೊಳಗಿನ ಗಾಡಿಗಳಿಗೆ ಅನ್ವಯ. ಮಾಲೀಕರು ವಾಹನ್ ಪೋರ್ಟಲ್‌ನಲ್ಲಿ ದೂರು ಕೊಡಬೇಕು. ದೂರುಗಳ ಸಂಖ್ಯೆ ನಿಗದಿತ ಮಟ್ಟ ಮುಟ್ಟಿದರೆ ಮಾತ್ರ ತನಿಖೆ. ಹಾಗಾಗಿ 'ನನ್ನೊಬ್ಬನ ದೂರಿನಿಂದ ಏನಾಗುತ್ತೆ' ಅಂತ ಸುಮ್ಮನಾಗ್ಬೇಡಿ, ಎಣಿಕೆ ಆಗೋದೇ ಒಂದೊಂದಾಗಿ.

ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಮ್ಮಂಥ ವಲಸಿಗರಿಗೆ ಒಂದು ದೊಡ್ಡ ಅನುಕೂಲ ಇದೆ: ನೀವು ವಾಸ ಇರುವ ಅಥವಾ ಕೆಲಸ ಮಾಡುವ ಜಾಗದಲ್ಲೇ ದೂರು ಕೊಡಬಹುದು. ಗಾಡಿ ಕೊಂಡಿದ್ದು ರಾಜಾಜಿನಗರದ ಶೋರೂಮಿನಲ್ಲಾದರೂ ಕೇಸು ಫರೀದಾಬಾದ್‌ನಲ್ಲಿ ಹಾಕಬಹುದು. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ ಸಾಕು. 10ರಿಂದ 20 ಲಕ್ಷದ ಗಾಡಿಗೆ ಶುಲ್ಕ 400 ರೂಪಾಯಿ ಅಷ್ಟೇ. ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಹಾಕಬೇಕು.

ಆದರೆ ನಿರೀಕ್ಷೆ ಹದದಲ್ಲಿರಲಿ. ಒಂದು ಪಾರ್ಟ್ ಕೆಟ್ಟಿತು ಅಂತ ಹೊಸ ಕಾರೇ ಕೊಡಿ ಅಂದ್ರೆ ಸಿಗೋದು ಕಷ್ಟ. 2006ರಲ್ಲಿ ಮಾರುತಿ ಉದ್ಯೋಗ್ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ದೋಷ ಇರೋ ಭಾಗವನ್ನು ಬದಲಾಯಿಸುವುದು ವಾರಂಟಿಯ ಹೊಣೆ, ಇಡೀ ಕಾರು ಬದಲಾಯಿಸಿ ಅನ್ನೋದು ಸರಿಯಲ್ಲ ಅಂತ ಹೇಳಿತು. 2010ರಲ್ಲಿ ಫಿಯಟ್ ಕಾರಿನ ಪ್ರಕರಣದಲ್ಲಿ, ಸ್ವತಂತ್ರ ತಾಂತ್ರಿಕ ಪರಿಣತರ ಪರೀಕ್ಷೆಯಲ್ಲಿ ತಯಾರಿಕೆಯ ದೋಷ ಸಾಬೀತಾದರೆ ಗ್ರಾಹಕರಿಗೆ ಹಣ ವಾಪಸ್ ಸಿಗಬೇಕು ಅಂದಿತು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ದಾರಿ ಕಾಣುತ್ತೆ. ಪಾರ್ಟ್ ಬದಲಾವಣೆ, ಅದರಿಂದ ಆದ ಎಂಜಿನ್ ರಿಪೇರಿ, ಟೋಯಿಂಗ್ ಖರ್ಚು, ಇವನ್ನು ಗಟ್ಟಿಯಾಗಿ ಕೇಳಿ. ಅದಕ್ಕೆ ಪರಿಣತರ ವರದಿ ಬೇಕು. ವರದಿಗೆ ಪರೀಕ್ಷಿಸಲು ಪಾರ್ಟ್ ಬೇಕು. ಅದು ಗುಜರಿಗೆ ಹೋಗಿಬಿಟ್ಟಿದ್ದರೆ ಕೇಸಿನ ಜೀವವೇ ಹೋದ ಹಾಗೆ.

ಕೊನೆಗೊಂದು ಚಿಕ್ಕ ರೂಢಿ. ಈ ಊರಿನಲ್ಲಿ ಜೂನ್‌ನ 45 ಡಿಗ್ರಿಯೂ ಇದೆ, ಜನವರಿಯ 4 ಡಿಗ್ರಿಯೂ ಇದೆ. ಬಿಸಿಲಿಗೆ ಗಟ್ಟಿಯಾದ ರಬ್ಬರ್ ಚಳಿಗೆ ಇನ್ನಷ್ಟು ಬಿಗಿಯಾಗಿ ಸೀಲ್ ಸಡಿಲವಾಗುತ್ತೆ. ತಿಂಗಳಿಗೊಮ್ಮೆ ಡಿಪ್‌ಸ್ಟಿಕ್ ನೋಡಿ, ಬೆಳಿಗ್ಗೆ ಗಾಡಿ ತೆಗೆದ ಮೇಲೆ ನೆಲದ ಕಡೆ ಒಂದು ಕಣ್ಣು ಹಾಕಿ. ಸೊಸೈಟಿ ಬೇಸ್‌ಮೆಂಟ್‌ನಲ್ಲಿ ಆಯಿಲ್ ಬಿದ್ದರೆ ನೀರು ಹಾಕಿ ಚರಂಡಿಗೆ ತಳ್ಳಬೇಡಿ. ಮರಳೋ ಮರದ ಪುಡಿಯೋ ಹಾಕಿ ಹೀರಿಸಿ ಬಾಚಿ ತೆಗೀರಿ.

ಹೊಸದಾಗಿ ಈ ಕಡೆ ಬಂದಿರೋ ಕನ್ನಡದವರಿಗೆ ಇದನ್ನು ಕಳಿಸಿ. 1033, 112, 1915 ಈ ಮೂರು ನಂಬರ್ ಈಗಲೇ ಫೋನ್‌ನಲ್ಲಿ ಸೇವ್ ಮಾಡ್ಕೊಳ್ಳಿ.