ಗುಂಪಿನಲ್ಲಿ ಉತ್ತರಿಸುವ ಮುನ್ನ

ಹಡಗಲಿ ತಾಲ್ಲೂಕಿನ ಮೈಲಾರ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಲಕ್ಷಾಂತರ ಜನ ಮೌನವಾಗುತ್ತಾರೆ. ಆ ಬಳಿಕವೇ ಕಾರ್ಣಿಕದ ನುಡಿ ಹೊರಡುತ್ತದೆ. ಅದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ವಾಟ್ಸ್‌ಆ್ಯಪ್ ಗುಂಪುಗಳನ್ನು ತಲುಪಲು ಹೆಚ್ಚು ಹೊತ್ತು ಬೇಕಿಲ್ಲ. ಆದರೆ ಅಲ್ಲಿ ‘ಸದ್ದಲೇ’ ಎನ್ನುವವರಿಲ್ಲ. ಎಲ್ಲರೂ ಏಕಕಾಲಕ್ಕೆ ಮಾತನಾಡುತ್ತಾರೆ. ಆದ್ದರಿಂದ ಅಲ್ಲಿ ಉತ್ತರಿಸುವುದಕ್ಕೂ ಒಂದು ಕ್ರಮ ಅಗತ್ಯ.

ಯಾರ, ಯಾವ ಮಾತಿಗೆ ಉತ್ತರಿಸುತ್ತಿದ್ದೇವೆ ಎಂಬುದು ಸ್ಪಷ್ಟವಾಗಿರಬೇಕು ಎನ್ನುವುದು ಮೊದಲ ನಿಯಮ. ಒಬ್ಬರು ಮಲ್ಲಿಗೆಯ ಧಾರಣೆ ಕೇಳುತ್ತಾರೆ, ಇನ್ನೊಬ್ಬರು ಕುಡಿಯುವ ನೀರು ಬಿಡುವ ದಿನವನ್ನು ವಿಚಾರಿಸುತ್ತಾರೆ ಎನ್ನೋಣ. ಇಪ್ಪತ್ತು ಸಂದೇಶಗಳ ಕೆಳಗೆ ‘ನಾಳೆಯಿಂದ ಇಲ್ಲ’ ಎಂಬ ಉತ್ತರ ಕಂಡರೆ, ನಿಂತದ್ದು ನೀರೋ ಹೂವಿನ ಖರೀದಿಯೋ ತಿಳಿಯದು. ಮೂಲ ಸಂದೇಶವನ್ನು ಬೆರಳಿನಿಂದ ಬಲಕ್ಕೆ ಸರಿಸಿ ಬರೆದರೆ, ಅದು ಉತ್ತರದ ಮೇಲ್ಭಾಗದಲ್ಲಿಯೇ ಕಾಣಿಸುತ್ತದೆ. ತಡವಾಗಿ ಓದುವವರಿಗೂ ಅರ್ಥವಾಗುತ್ತದೆ. ಒಬ್ಬರಿಗಷ್ಟೇ ಬೇಕಾದ ಉತ್ತರವನ್ನು ಅವರಿಗೆ ಪ್ರತ್ಯೇಕವಾಗಿ ಕಳುಹಿಸುವುದು ಲೇಸು. ನಿಧನವಾರ್ತೆಯ ಕೆಳಗೆ ಹುಟ್ಟುಹಬ್ಬದ ಶುಭಾಶಯ ಬೀಳುವುದು ಮೇಲಿನದನ್ನು ಓದದಿರುವುದರ ಫಲ.

ಎದುರಿಗೆ ಸಲ್ಲುವ ಮಾತೆಲ್ಲ ಬರಹದಲ್ಲಿ ಸಲ್ಲದು. ಈ ಭಾಗದ ಹಿರಿಯರು ‘ಲೇ ತಮ್ಮಾ’ ಎಂದು ಕರೆದರೆ ಅದು ಅಕ್ಕರೆ. ದನಿಯಾಗಲಿ ಮುಖಭಾವವಾಗಲಿ ಇಲ್ಲದ ಪರದೆಯ ಮೇಲೆ, ಇನ್ನೂರು ಜನರ ಮುಂದೆ, ಅದೇ ಏಕವಚನ ಅವಮಾನವಾಗಬಹುದು. ಕೊನೆಗೊಂದು ‘ರೀ’ ಸೇರಿಸುವುದರಿಂದ ನಷ್ಟವಿಲ್ಲ. ಆಕ್ಷೇಪವು ಮಾತಿನ ಮೇಲಿರಲಿ. ಆಡಿದವರ ಜಾತಿ, ಪಕ್ಷ, ಮನೆತನಗಳ ಮೇಲೆ ಬೇಡ.

ಬೇರೆಡೆಯಿಂದ ಬಂದದ್ದನ್ನು ರವಾನಿಸುವಾಗ ದಿನಾಂಕವನ್ನು ನೋಡಬೇಕು. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಭಾಗವಾಯಿತು. ಹಳೆಯ ಆದೇಶವೊಂದರ ಚಿತ್ರ ದಿನಾಂಕವಿಲ್ಲದೆ ಹರಿದಾಡಿದರೆ, ಅರ್ಜಿದಾರರು ತಮ್ಮದಲ್ಲದ ಜಿಲ್ಲಾ ಕಚೇರಿಗೆ ಅಲೆಯಬೇಕಾದೀತು.

ಕೆಲವೊಮ್ಮೆ ಇದರ ಬೆಲೆ ಜೀವವೇ ಆಗಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಯನ್ನು ನಂಬಿದ ಜನರು ಹೈದರಾಬಾದಿನಿಂದ ಬಂದಿದ್ದವರ ಮೇಲೆರಗಿ ಒಬ್ಬರನ್ನು ಕೊಂದರು. ಅದೇ ತಿಂಗಳು ವಾಟ್ಸ್‌ಆ್ಯಪ್ ಸಂಸ್ಥೆಯು ಭಾರತದಲ್ಲಿ ಸಂದೇಶವೊಂದನ್ನು ಒಮ್ಮೆಗೆ ಐದು ಕಡೆಗಷ್ಟೇ ರವಾನಿಸುವ ಮಿತಿಯನ್ನು ಪ್ರಕಟಿಸಿತು. 2020ರ ಏಪ್ರಿಲ್‌ನಲ್ಲಿ, ಹಲವು ಕೈ ದಾಟಿ ಬಂದ ಸಂದೇಶಗಳಿಗೆ ಈ ಮಿತಿ ಒಂದಕ್ಕೆ ಇಳಿಯಿತು. ಆದರೆ ‘ಯಾರು ಹೇಳಿದ್ದು? ಎಂದಿನದು? ಕಣ್ಣಾರೆ ಕಂಡವರಿದ್ದಾರೆಯೇ?’ ಎಂದು ಕೇಳುವ ಕೆಲಸವನ್ನು ಯಂತ್ರ ಮಾಡದು. ಗುಂಪಿನಲ್ಲಿ ಒಬ್ಬರಾದರೂ ಅದನ್ನು ಕೇಳಬೇಕು. ಕೇಳಿದವರನ್ನು ಉಳಿದವರು ಗದರಬಾರದು.

ಹಾಕಿದ ಸುದ್ದಿ ತಪ್ಪೆಂದು ತಿಳಿದಾಗ ಅದನ್ನು ಸುಮ್ಮನೆ ಅಳಿಸಿದರೆ ಸಾಲದು. ಅಷ್ಟರಲ್ಲಿ ಬೇರೆ ಗುಂಪುಗಳಿಗೆ ಹೋದ ಪ್ರತಿಗಳು ಅಳಿಯುವುದಿಲ್ಲ. ‘ನಾನು ಹಾಕಿದ್ದು ತಪ್ಪು, ಸರಿಯಾದುದು ಇದು’ ಎಂದು ಅದೇ ಗುಂಪಿನಲ್ಲಿ ಬರೆಯಬೇಕು. ಹಾಗೆ ಬರೆದವರ ಮುಂದಿನ ಮಾತನ್ನು ಜನ ನಂಬುತ್ತಾರೆ.