ಬೇರುಗಂಟು ಜಂತುಹುಳು: ಹೊಲದಲ್ಲಿ ಹಾಗೂ ಪ್ರಯೋಗಾಲಯದಲ್ಲಿ ಗುರುತಿಸುವ ಕ್ರಮ

ಟೊಮ್ಯಾಟೊ, ಬದನೆ, ಬೆಂಡೆ, ಸೌತೆ, ದಾಳಿಂಬೆ ಮುಂತಾದ ಬೆಳೆಗಳಲ್ಲಿ ಅಲ್ಲಲ್ಲಿ ಗುಂಪುಗುಂಪಾಗಿ ಗಿಡಗಳು ಕುಂಠಿತಗೊಂಡು, ಎಲೆಗಳು ಹಳದಿಯಾಗಿ, ಮಣ್ಣಿನಲ್ಲಿ ತೇವವಿದ್ದರೂ ಮಧ್ಯಾಹ್ನದ ವೇಳೆ ಬಾಡುವುದನ್ನು ರೈತರು ಗಮನಿಸಿರಬಹುದು. ಇದನ್ನು ಪೋಷಕಾಂಶದ ಕೊರತೆಯೆಂದು ಭಾವಿಸಿ ಗೊಬ್ಬರ ಹೆಚ್ಚಿಸುವುದು ಅಥವಾ ಸೊರಗು ರೋಗವೆಂದು ತಿಳಿದು ಶಿಲೀಂಧ್ರನಾಶಕ ಬಳಸುವುದು ಸಾಮಾನ್ಯ. ಬಾಧೆ ಜಂತುಹುಳುವಿನದಾಗಿದ್ದರೆ ಈ ಖರ್ಚು ವ್ಯರ್ಥವಾಗುತ್ತದೆ. ಆದ್ದರಿಂದ ಯಾವುದೇ ಕ್ರಮಕ್ಕೆ ಮುನ್ನ ಬೇರನ್ನು ಪರೀಕ್ಷಿಸುವುದು ಅವಶ್ಯಕ.

ಹೊಲದಲ್ಲಿ ಗುರುತಿಸುವುದು

• ಗಿಡವನ್ನು ಕೀಳದೆ, ಗುದ್ದಲಿಯಿಂದ ಮಣ್ಣುಸಹಿತ ಅಗೆದು, ಬೇರನ್ನು ನೀರಿನಲ್ಲಿ ಮೃದುವಾಗಿ ತೊಳೆಯಿರಿ.
• ಬೇರುಗಂಟು ಜಂತುಹುಳುವಿನ ಗಂಟು ಬೇರಿನ ಊತವೇ ಆಗಿರುವುದರಿಂದ ಉಜ್ಜಿದರೆ ಕಳಚುವುದಿಲ್ಲ. ದ್ವಿದಳ ಬೆಳೆಗಳ ರೈಜೋಬಿಯಂ ಗಂಟುಗಳು ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದು ಸುಲಭವಾಗಿ ಕಳಚುತ್ತವೆ. ಕ್ರಿಯಾಶೀಲವಾಗಿದ್ದರೆ ಒಳಭಾಗ ಗುಲಾಬಿ ಬಣ್ಣವಿರುತ್ತದೆ. ಇವು ಉಪಕಾರಿ.
• ಗಂಟನ್ನು ಸೀಳಿ ಭೂತಗನ್ನಡಿಯಿಂದ ನೋಡಿದಾಗ, ಗುಂಡುಸೂಜಿಯ ತಲೆಗಿಂತ ಚಿಕ್ಕದಾದ, ಮುತ್ತಿನಂತೆ ಬಿಳುಪಾದ ಹೆಣ್ಣು ಹುಳುಗಳು ಕಾಣಬಹುದು.
• ಗಂಟಿಲ್ಲದ ಮಾತ್ರಕ್ಕೆ ಬಾಧೆಯಿಲ್ಲವೆಂದು ತಿಳಿಯಬಾರದು. ಬಾಳೆ ಮತ್ತು ಕಾಳುಮೆಣಸಿನಲ್ಲಿ ಬೇರು ಕೊರೆಯುವ ಜಂತುಹುಳು ಗಂಟಿನ ಬದಲು ಕಂದುಗೆಂಪು ಮಚ್ಚೆ ಹಾಗೂ ಕೊಳೆಯನ್ನು ಉಂಟುಮಾಡುತ್ತದೆ.

ಮಾದರಿ ಸಂಗ್ರಹಣೆ

ಪೂರ್ತಿ ಒಣಗಿದ ಗಿಡಗಳನ್ನು ಬಿಟ್ಟು, ಬಾಧೆ ಆರಂಭವಾದ ಗಿಡಗಳನ್ನು ಆಯ್ದುಕೊಳ್ಳಿ. ಮಣ್ಣು ಹದವಾಗಿರುವಾಗ ಮೇಲ್ಪದರವನ್ನು ಸರಿಸಿ, 15–20 ಸೆಂ.ಮೀ. ಆಳದವರೆಗೆ, 10–15 ಕಡೆಗಳಿಂದ ಬೇರಿನ ಸುತ್ತಲಿನ ಮಣ್ಣನ್ನು ತೆಗೆದು ಮಿಶ್ರಮಾಡಿ. ಅದರಲ್ಲಿ ಸುಮಾರು ಅರ್ಧ ಕೆ.ಜಿ. ಮಣ್ಣನ್ನೂ ಒಂದು ಹಿಡಿ ಎಳೆಯ ಬೇರನ್ನೂ ಪಾಲಿಥೀನ್ ಚೀಲದಲ್ಲಿ ಕಟ್ಟಿ, ಬೆಳೆ, ತಳಿ, ಹಿಂದಿನ ಬೆಳೆ ಹಾಗೂ ದಿನಾಂಕ ಬರೆದ ಚೀಟಿಯನ್ನು ಲಗತ್ತಿಸಿ. ಚೀಲವನ್ನು ನೆರಳಿನಲ್ಲಿಟ್ಟು ಬೇಗನೆ ತಲುಪಿಸಿ. ಮಾದರಿ ಬಿಸಿಲಿನಲ್ಲಿ ಒಣಗಿದರೆ ಹುಳುಗಳು ಸತ್ತು ಫಲಿತಾಂಶ ತಪ್ಪಾಗುತ್ತದೆ.

ಪ್ರಯೋಗಾಲಯದ ಪರೀಕ್ಷೆ

ಮಣ್ಣಿನಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರಗಳನ್ನು ತಿಂದು ಬದುಕುವ ನಿರಪಾಯಕಾರಿ ಜಂತುಗಳೂ ಇರುತ್ತವೆ. ಸಸ್ಯಪರಾವಲಂಬಿ ಜಂತುಹುಳುಗಳಿಗೆ ಬಾಯಿಯಲ್ಲಿ ರಸ ಹೀರುವ ಸೂಜಿಯಂತಹ ಅಂಗವಿರುತ್ತದೆ. ತಜ್ಞರು ಹುಳುಗಳನ್ನು ಜರಡಿಗಳ ಮೂಲಕ ಬೇರ್ಪಡಿಸಿ, ಸೂಕ್ಷ್ಮದರ್ಶಕದಲ್ಲಿ ಈ ಸೂಜಿಯ ಆಕಾರ ಹಾಗೂ ದೇಹರಚನೆಯನ್ನು ಪರಿಶೀಲಿಸುತ್ತಾರೆ. ಬೇರುಗಂಟು ಜಂತುಹುಳುವಿನ ಪ್ರಭೇದವನ್ನು ಹೆಣ್ಣಿನ ಹಿಂಭಾಗದ, ಬೆರಳಚ್ಚಿನಂತಹ ಗೆರೆಗಳಿಂದ ನಿರ್ಧರಿಸಲಾಗುತ್ತದೆ.

ಪ್ರಭೇದ ತಿಳಿಯುವುದರಿಂದ ಬೆಳೆ ಪರಿವರ್ತನೆಗೆ ನೆರವಾಗುತ್ತದೆ. ಮೆಲಾಯ್ಡೊಗೈನೆ ಇನ್‌ಕಾಗ್ನಿಟ ಇರುವಲ್ಲಿ ಶೇಂಗಾ ಸೂಕ್ತ ಪರ್ಯಾಯ ಬೆಳೆ. ಆದರೆ ಮೆಲಾಯ್ಡೊಗೈನೆ ಅರೆನೇರಿಯ ಶೇಂಗಾವನ್ನೇ ಬಾಧಿಸುತ್ತದೆ.

ಸಸಿಗಳ ಮೂಲಕವೂ ಈ ಹುಳು ಹೊಸ ಹೊಲಕ್ಕೆ ಹರಡುತ್ತದೆ. ಆದ್ದರಿಂದ ನಾಟಿಗೆ ಮುನ್ನ ಕೆಲವು ಸಸಿಗಳ ಬೇರನ್ನು ತೊಳೆದು ನೋಡಿ. ಗಂಟುಗಳು ಕಂಡುಬಂದರೆ ಆ ಸಸಿಗಳನ್ನು ನಾಟಿ ಮಾಡಬಾರದು.