ಕರ್ಪೂರ: ನಂಬಿಕೆ ಎಷ್ಟು, ನಿಜ ಎಷ್ಟು?

2021ರ ಕೋವಿಡ್ ಬೇಸಿಗೆಯಲ್ಲಿ ಜನ ಆಕ್ಸಿಜನ್ ಸಿಲಿಂಡರಿಗಾಗಿ ಪರದಾಡುತ್ತಿದ್ದಾಗ ವಾಟ್ಸಾಪಿನಲ್ಲಿ ಒಂದು ಸಲಹೆ ಹರಿದಾಡಿತು: ಕರ್ಪೂರ, ಲವಂಗ, ಓಮ ಗಂಟು ಕಟ್ಟಿ ಮೂಸಿದರೆ ರಕ್ತದಲ್ಲಿ ಆಮ್ಲಜನಕ ಏರುತ್ತದಂತೆ. ಏರುವುದಿಲ್ಲ. ಕರ್ಪೂರದ ಆವಿ ಮೂಗಿನೊಳಗೆ ತಂಪನ್ನು ಅರಿಯುವ ನರಗಳನ್ನು ಕೆಣಕುತ್ತದೆ, ಉಸಿರು ಸಲೀಸಾದಂತೆ ಅನ್ನಿಸುತ್ತದೆ. ಗಾಳಿಯ ಹರಿವನ್ನು ಅಳೆದು ನೋಡಿದರೆ ಕಟ್ಟಿದ ಮೂಗು ಕಟ್ಟಿಕೊಂಡೇ ಇರುತ್ತದೆ. ಆ ಹಿತಕ್ಕೆ ನನ್ನ ತಕರಾರಿಲ್ಲ. ಅದನ್ನೇ ನೆಚ್ಚಿ ಆಸ್ಪತ್ರೆಗೆ ತಡಮಾಡಿದರೆ ಮಾತ್ರ ಪ್ರಾಣಕ್ಕೆ ಕುತ್ತು.

‘ಮರದಿಂದ ಬಂದದ್ದು, ಏನೂ ಆಗಲ್ಲ’ ಎನ್ನುವವರೂ ಇದ್ದಾರೆ. ಕರ್ಪೂರದ ಮರ ಇರುವುದು ನಿಜ. ದಾಲ್ಚಿನ್ನಿಯ ಬಳಗದ ಆ ಮರ ಚೀನಾ, ಜಪಾನ್, ತೈವಾನ್ ಕಡೆಯದು. ಹಿಂದೆ ಅದರ ಚಕ್ಕೆಗಳನ್ನು ಆವಿಯಲ್ಲಿ ಬೇಯಿಸಿ ಕರ್ಪೂರ ಬಟ್ಟಿ ಇಳಿಸುತ್ತಿದ್ದರು. ಇಂದು ಪೂಜೆಗೆ ಕೊಳ್ಳುವ ಬಿಲ್ಲೆ ಹೆಚ್ಚಾಗಿ ಪೈನ್ ಮರದ ಟರ್ಪೆಂಟೈನಿನಿಂದ ಕಾರ್ಖಾನೆಯಲ್ಲಿ ತಯಾರಾದದ್ದು. ಮರದ್ದಾದರೂ ಕಾರ್ಖಾನೆಯದ್ದಾದರೂ ಹೊಟ್ಟೆಗೆ ಹೋದರೆ ವಿಷವೇ.

ಕರ್ಪೂರ ಉರಿಸಿದರೆ ಬೂದಿ ಉಳಿಯುವುದಿಲ್ಲ, ಆದ್ದರಿಂದ ಗಾಳಿ ಶುದ್ಧವಾಗುತ್ತದೆ ಎಂಬುದೂ ಸರಿಯಲ್ಲ. ಉರಿಯ ಮೇಲೆ ತಟ್ಟೆ ಹಿಡಿಯಿರಿ, ಕ್ಷಣದಲ್ಲಿ ಮಸಿ ಕಟ್ಟುತ್ತದೆ. ಮುಚ್ಚಿದ ಕೋಣೆಯಲ್ಲಿ ಅದೇ ಮಸಿ ಎದೆಗೆ ಇಳಿಯುತ್ತದೆ.

ನನಗೆ ನಿಜಕ್ಕೂ ಆತಂಕ ತರುವುದು ಮಕ್ಕಳ ವಿಷಯ. ಬಿಳಿ ಬಿಲ್ಲೆ ಮಗುವಿನ ಕಣ್ಣಿಗೆ ಪೆಪ್ಪರ್‌ಮಿಂಟ್. ದೇವರ ಮನೆಯ ಗೂಡು ಅದರ ಕೈಗೆಟುಕುವ ಎತ್ತರದಲ್ಲೇ ಇರುತ್ತದೆ. ಪುಟ್ಟ ಮಗುವಿಗೆ ಒಂದು ಗ್ರಾಂನಷ್ಟು ಕರ್ಪೂರವೂ ಮಾರಕವಾಗಬಹುದು. ನುಂಗಿದ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದು. ಲಡ್ಡು, ಪಾಯಸಕ್ಕೆ ಚಿಟಿಕೆ ಹಾಕುವ ಪಚ್ಚಕರ್ಪೂರವೇ ಬೇರೆ, ಆರತಿಯ ಡಬ್ಬಿಯೇ ಬೇರೆ. ಅಡುಗೆಮನೆಯಲ್ಲಿ ಎರಡನ್ನೂ ಒಟ್ಟಿಗೆ ಇಡಲೇಬೇಡಿ. ಶೀತವಾದ ಕೂಸಿನ ಎದೆಗೆ ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕಾಯಿಸಿ ಹಚ್ಚುವ ರೂಢಿ ನಮ್ಮಲ್ಲಿದೆ. ಅಜ್ಜಿಯರ ಅಕ್ಕರೆ ದೊಡ್ಡದು, ಆದರೆ ಕರ್ಪೂರ ಚರ್ಮದ ಮೂಲಕವೂ ಒಳಗಿಳಿಯುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಕರ್ಪೂರದ ಎಣ್ಣೆಯಾಗಲಿ ಮುಲಾಮಾಗಲಿ ಬೇಡವೇ ಬೇಡ. ಅಮೆರಿಕದಲ್ಲಿ ದೊಡ್ಡವರ ಮುಲಾಮಿನಲ್ಲೂ ಅದು ಶೇಕಡಾ 11 ಮೀರುವಂತಿಲ್ಲ.

ಮಗು ನುಂಗಿಬಿಟ್ಟರೆ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಆ ಹೊತ್ತಿಗೇ ಫಿಟ್ಸ್ ಬಂದರೆ ವಾಂತಿ ಶ್ವಾಸನಾಳಕ್ಕೆ ಹೋಗುತ್ತದೆ. ಎತ್ತಿಕೊಂಡು ನೇರ ಆಸ್ಪತ್ರೆಗೆ ಓಡಿ; ಎಷ್ಟು ಬಿಲ್ಲೆ ಹೋಗಿರಬಹುದೆಂದು ವೈದ್ಯರಿಗೆ ಗೊತ್ತಾಗಲು ಡಬ್ಬಿಯನ್ನೂ ಒಯ್ಯಿರಿ.